ಹಲ್ಲಿನ ಕ್ಯಾಪ್ ಯಾಕೆ ಕಳಚಿ ಬೀಳುತ್ತದೆ? ತಪ್ಪು ಬರೀ ಗೋಂದಿನದ್ದೇ?

ಚಿಕ್ಕಿ ಕಡಿಯುವಾಗಲೋ ಅಂಟಂಟಾದ ಹಲ್ವ ತಿನ್ನುವಾಗಲೋ ಬಾಯಲ್ಲಿ ಏನೋ ಗಟ್ಟಿಯಾದದ್ದು ಸಿಗುತ್ತದೆ. ಕಲ್ಲು ಅಂದುಕೊಂಡು ತೆಗೆದು ನೋಡಿದರೆ, ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ್ದ ಹಲ್ಲಿನ ಕ್ಯಾಪ್! ವಿಷಯವನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ಒಂದು, "ಡಾಕ್ಟರ್ ಕಳಪೆ ಸಿಮೆಂಟ್ ಹಾಕಿದ್ದಾರೆ, ಎಲ್ಲಾ ದುಡ್ಡು ಮಾಡೋ ದಂಧೆ." ಇನ್ನೊಂದು, "ಅದಕ್ಕ್ಯಾಕೆ ಮತ್ತೆ ಆಸ್ಪತ್ರೆ, ಒಂದು ಹನಿ ಫೆವಿಕ್ವಿಕ್ ಹಾಕಿ ಅಂಟಿಸಿಬಿಡಿ."

ಒಂದು ಬೈಗುಳ, ಇನ್ನೊಂದು ಉಪಾಯ. ಆದರೆ ಎರಡರ ಹಿಂದಿರುವ ನಂಬಿಕೆ ಒಂದೇ: ಕ್ಯಾಪನ್ನು ಹಲ್ಲಿಗೆ ಹಿಡಿದಿಡುವುದು ಗೋಂದು. ಈ ನಂಬಿಕೆ ಪೂರ್ತಿ ಸುಳ್ಳಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ತಪ್ಪು. ಕ್ಯಾಪ್ ನಿಲ್ಲುವುದರಲ್ಲಿ ದೊಡ್ಡ ಪಾಲು ಅದರ ಕೆಳಗೆ ಉಳಿದಿರುವ ಹಲ್ಲಿನ ಎತ್ತರ ಮತ್ತು ಆಕಾರದ್ದು. ಸಿಮೆಂಟ್ ಆ ಹಿಡಿತಕ್ಕೆ ಬೆಂಬಲವಾಗಿ ನಿಲ್ಲುತ್ತದೆ ಅಷ್ಟೇ. ಇದು ಯಾಕೆ ಮುಖ್ಯ ಅಂದರೆ, ಕಳಚಿದ ಕ್ಯಾಪ್ ಒಳಗಿನ ಹಲ್ಲಿನ ಬಗ್ಗೆ ಏನೋ ಸುದ್ದಿ ತಂದಿರುತ್ತದೆ. ಅದನ್ನು ಓದದೆ ಮತ್ತೆ ಅಂಟಿಸಿಬಿಟ್ಟರೆ ಕ್ಯಾಪ್ ಉಳಿಯಬಹುದು, ಹಲ್ಲು ಹೋಗಬಹುದು.

ಲೋಟ ಮತ್ತು ಬಟ್ಟಲಿನ ಲೆಕ್ಕ

ಅಡುಗೆಮನೆಯಲ್ಲಿ ಒಂದರೊಳಗೊಂದು ಇಟ್ಟ ಸ್ಟೀಲ್ ಲೋಟಗಳು ಕೆಲವೊಮ್ಮೆ ಎಷ್ಟು ಎಳೆದರೂ ಬಿಡುವುದಿಲ್ಲ. ಬಟ್ಟಲುಗಳಿಗೆ ಈ ಸಮಸ್ಯೆ ಬರುವುದಿಲ್ಲ, ಸುಮ್ಮನೆ ಎತ್ತಿದರೆ ಬರುತ್ತವೆ. ಲೋಟದಲ್ಲೂ ಗೋಂದಿಲ್ಲ, ಬಟ್ಟಲಲ್ಲೂ ಇಲ್ಲ. ವ್ಯತ್ಯಾಸ ಇರುವುದು ಗೋಡೆಯ ಓರೆಯಲ್ಲಿ. ಲೋಟದ ಗೋಡೆ ಹೆಚ್ಚುಕಡಿಮೆ ನೇರ, ಬಟ್ಟಲಿನ ಗೋಡೆ ಹೊರಕ್ಕೆ ಬಾಗಿದ್ದು.

ಕ್ಯಾಪ್ ಹಾಕುವ ಮೊದಲು ವೈದ್ಯರು ಹಲ್ಲನ್ನು ಸುತ್ತಲೂ ಅರೆದು ಒಂದು ಗೂಟದ ಆಕಾರಕ್ಕೆ ತರುತ್ತಾರಲ್ಲ, ಅಲ್ಲಿ ನಡೆಯುವುದು ಇದೇ ಲೆಕ್ಕ. ಗೂಟದ ಎದುರುಬದುರು ಗೋಡೆಗಳು ಹೆಚ್ಚು ನೇರವಾಗಿದ್ದಷ್ಟೂ ಹಿಡಿತ ಹೆಚ್ಚು. 1955ರಲ್ಲಿ ಡೆನ್ಮಾರ್ಕಿನ ಯೋರ್ಗೆನ್ಸನ್ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಬೇರೆ ಬೇರೆ ಓರೆಯ ಶಂಕುಗಳನ್ನು ಮಾಡಿ, ಅವುಗಳಿಗೆ ಟೊಪ್ಪಿಗಳನ್ನು ಸಿಮೆಂಟಿನಿಂದ ಕೂರಿಸಿ, ಎಳೆದು ಕೀಳಲು ಎಷ್ಟು ಬಲ ಬೇಕೆಂದು ನೋಡಿದರು. ಎದುರುಬದುರು ಗೋಡೆಗಳ ನಡುವಿನ ಕೋನ 5 ಡಿಗ್ರಿಯಿಂದ 10 ಡಿಗ್ರಿಗೆ ಹೋದಾಗ ಹಿಡಿತ ಸುಮಾರು ಅರ್ಧಕ್ಕೆ ಇಳಿಯಿತು. ಸಿಮೆಂಟ್ ಅದೇ, ಟೊಪ್ಪಿಯೂ ಅದೇ ಬಗೆಯದು. ಬದಲಾದದ್ದು ಕಣ್ಣಿಗೆ ಕಂಡೂ ಕಾಣದಷ್ಟು ಓರೆ.

ಹಾಗಿದ್ದರೆ ಗೋಡೆಗಳನ್ನು ಪೂರ್ತಿ ನೇರ ಮಾಡಿಬಿಡಬಹುದಲ್ಲ? ಆಗ ಕ್ಯಾಪ್ ಒಳಗೇ ಇಳಿಯುವುದಿಲ್ಲ. ಕೆಳಗೆ ಎಲ್ಲಾದರೂ ಕೂದಲೆಳೆಯಷ್ಟು ಉಬ್ಬು ಉಳಿದರೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಸ್ವಲ್ಪ ಓರೆ ಬೇಕೇ ಬೇಕು. ಹಳೆಯ ಪಠ್ಯಪುಸ್ತಕಗಳು 6 ಡಿಗ್ರಿ ಆದರ್ಶ ಎಂದು ಹೇಳಿಕೊಂಡು ಬಂದವು. ಆದರೆ ಬಾಯಿ ಎನ್ನುವುದು ಲೇತ್ ಯಂತ್ರವಲ್ಲ. ಕತ್ತಲೆ, ಜೊಲ್ಲು, ಅಲುಗಾಡುವ ನಾಲಿಗೆ, ಬಾಯಿ ತೆರೆದು ಸುಸ್ತಾದ ರೋಗಿ, ಇವೆಲ್ಲದರ ನಡುವೆ ಕೊನೆಯ ದವಡೆ ಹಲ್ಲನ್ನು ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡು ಅರೆಯಬೇಕು. ಅಮೆರಿಕದ ಚಾರ್ಲ್ಸ್ ಗುಡೇಕರ್ ಮತ್ತು ಸಂಗಡಿಗರು 2001ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ, 10ರಿಂದ 20 ಡಿಗ್ರಿ ಸಾಧ್ಯವಾಗುವ, ಒಪ್ಪಬಹುದಾದ ಗುರಿ ಎಂದು ಬರೆದರು. ಇಲ್ಲೊಂದು ಸ್ವಾರಸ್ಯದ ಸಂಗತಿ: ವೈದ್ಯರು ಅರೆದ ಹಲ್ಲನ್ನು ಒಂದು ಕಣ್ಣು ಮುಚ್ಚಿಕೊಂಡು ನೋಡುವುದನ್ನು ನೀವು ಗಮನಿಸಿರಬಹುದು. ಎರಡು ಕಣ್ಣಿಂದ ನೋಡಿದರೆ ಒಂದೊಂದು ಕಣ್ಣು ಒಂದೊಂದು ಗೋಡೆಯನ್ನು ನೋಡಿ, ಒಳಕ್ಕೆ ಬಾಗಿದ ಗೋಡೆಯೂ ಸರಿಯಿದ್ದಂತೆ ಕಾಣಬಹುದು. ಒಂದೇ ಕಣ್ಣಿಗೆ ಎಲ್ಲ ಗೋಡೆಗಳೂ ಒಟ್ಟಿಗೆ ಕಂಡರೆ ಮಾತ್ರ ಓರೆ ಸರಿಯಿದೆ ಎಂದರ್ಥ.

ಗಿಡ್ಡ ಹಲ್ಲಿನ ಕಷ್ಟ

ಓರೆಯಷ್ಟೇ ಮುಖ್ಯವಾದದ್ದು ಎತ್ತರ. ಅರೆದ ನಂತರ ಉಳಿಯುವ ಗೂಟ ಮುಂದಿನ ಹಲ್ಲು ಮತ್ತು ಸಣ್ಣ ದವಡೆ ಹಲ್ಲುಗಳಲ್ಲಿ ಕನಿಷ್ಠ 3 ಮಿಲಿಮೀಟರ್, ದೊಡ್ಡ ದವಡೆ ಹಲ್ಲುಗಳಲ್ಲಿ ಕನಿಷ್ಠ 4 ಮಿಲಿಮೀಟರ್ ಇರಬೇಕೆಂದು ಅದೇ 2001ರ ಲೇಖನ ಹೇಳುತ್ತದೆ. ದೊಡ್ಡ ಹಲ್ಲಿಗೆ ಹೆಚ್ಚು ಎತ್ತರ ಯಾಕೆ? ಅಗಲ ಬಾಯಿಯ ಗಿಡ್ಡ ಡಬ್ಬಿಯ ಮುಚ್ಚಳದ ಒಂದು ಅಂಚನ್ನು ಮೇಲಕ್ಕೆ ಮೀಟಿದರೆ ಪಟಕ್ಕನೆ ಎದ್ದುಬಿಡುತ್ತದೆ. ಕಿರಿದಾದ ಡಬ್ಬಿಗೆ ಉದ್ದ ಟೊಪ್ಪಿ ಹಾಕಿದ್ದರೆ ಹಾಗೆ ಮೀಟಲು ಆಗುವುದಿಲ್ಲ, ಗೋಡೆಗೆ ತಾಗಿ ನಿಲ್ಲುತ್ತದೆ. ನಾವು ಅಗಿಯುವಾಗ ಕ್ಯಾಪನ್ನು ಯಾರೂ ನೆಟ್ಟಗೆ ಮೇಲಕ್ಕೆ ಎಳೆಯುವುದಿಲ್ಲ. ಅಡಿಕೆ, ಚಕ್ಕುಲಿ, ರೊಟ್ಟಿಯ ಅಂಚು, ಇವೆಲ್ಲ ಕ್ಯಾಪಿನ ಒಂದು ಬದಿಯನ್ನು ಒತ್ತಿ ಇನ್ನೊಂದು ಬದಿಯನ್ನು ಮೀಟುತ್ತವೆ. ದಿನಕ್ಕೆ ಸಾವಿರಾರು ಸಲ ಹೀಗೆ ಮೀಟಿಸಿಕೊಂಡ ಸಿಮೆಂಟ್ ಒಂದು ದಿನ ಬಿರುಕು ಬಿಡುತ್ತದೆ. ಚಿಕ್ಕಿ ನೆಪ ಮಾತ್ರ.

ನಮ್ಮಲ್ಲಿ ಗಿಡ್ಡ ಹಲ್ಲಿಗೆ ಇನ್ನೊಂದು ಕಾರಣವೂ ಇದೆ. ವರ್ಷಗಟ್ಟಲೆ ಎಲೆಅಡಿಕೆ, ಒಣ ಅಡಿಕೆ ಜಗಿದವರ ದವಡೆ ಹಲ್ಲುಗಳ ನೆತ್ತಿ ಸವೆದು ಚಪ್ಪಟೆಯಾಗಿರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರದೂ ಹಾಗೇ. ಇಂಥ ಹಲ್ಲಿನ ನೆತ್ತಿಯಿಂದ ಕ್ಯಾಪಿನ ದಪ್ಪಕ್ಕೆಂದು ಇನ್ನೂ ಒಂದೂವರೆ, ಎರಡು ಮಿಲಿಮೀಟರ್ ತೆಗೆದರೆ ಉಳಿಯುವುದು ಏನು? ಇಲ್ಲಿ ಯಾವ ದುಬಾರಿ ಕ್ಯಾಪ್ ಹಾಕಿದರೂ ಕಷ್ಟವೇ. ಇದಕ್ಕೆ ದಾರಿಗಳಿವೆ: ಹಲ್ಲಿನ ಪಕ್ಕದಲ್ಲಿ ಸಣ್ಣ ಗಾಡಿ ಕೊರೆದು ಕ್ಯಾಪ್ ತಿರುಗದಂತೆ ಮಾಡುವುದು, ಒಸಡನ್ನು ಸ್ವಲ್ಪ ಕೆಳಗಿಳಿಸುವ ಸಣ್ಣ ಶಸ್ತ್ರಚಿಕಿತ್ಸೆ, ಹಲ್ಲಿಗೆ ರಾಸಾಯನಿಕವಾಗಿ ಅಂಟುವ ರೆಸಿನ್ ಸಿಮೆಂಟ್ ಬಳಸುವುದು. ರಾತ್ರಿ ಹಲ್ಲು ಕಡಿಯುವವರಿಗೆ ಮಲಗುವಾಗ ಹಾಕಿಕೊಳ್ಳುವ ಗಾರ್ಡ್ ಕೂಡ ಬೇಕಾಗುತ್ತದೆ. ಇವನ್ನು ವೈದ್ಯರು ಹೇಳಿದಾಗ "ಬಿಲ್ ಏರಿಸಲು ಹೇಳುತ್ತಿದ್ದಾರೆ" ಎಂದು ತಳ್ಳಿಹಾಕುವವರೇ ಹೆಚ್ಚು.

ರೂಟ್ ಕೆನಾಲ್ ಆದ ಹಲ್ಲಿಗೆ ಎತ್ತರದ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಹುಳುಕು ತೆಗೆದ ಮೇಲೆ ಸ್ವಂತ ಹಲ್ಲು ಸ್ವಲ್ಪವೇ ಉಳಿದಿರುತ್ತದೆ, ಮಿಕ್ಕದ್ದನ್ನು ಫಿಲ್ಲಿಂಗ್ ವಸ್ತುವಿನಿಂದ ಕಟ್ಟಿ ಎಬ್ಬಿಸಿರುತ್ತಾರೆ. ಕ್ಯಾಪಿನ ಅಂಚು ಕೂರುವ ಗೆರೆಯಿಂದ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟಾದರೂ ನಿಜವಾದ ಹಲ್ಲು ಇರಬೇಕು. ಬಡಗಿಯ ಉಳಿಯ ಹಿಡಿ ಸೀಳದಿರಲಿ ಎಂದು ಅದರ ಬಾಯಿಗೆ ಲೋಹದ ಬಳೆ ಹಾಕಿರುತ್ತಾರಲ್ಲ, ಕ್ಯಾಪ್ ಆ ನಿಜ ಹಲ್ಲನ್ನು ಹಾಗೆ ಸುತ್ತ ಬಿಗಿದು ಹಿಡಿಯಬೇಕು. ಬಳೆಯೊಳಗೆ ಮರವೇ ಇಲ್ಲದೆ ಬರೀ ಪುಟ್ಟಿ ತುಂಬಿದ್ದರೆ? ಹಾಗೆ ಹಾಕಿದ ಕ್ಯಾಪ್ ಬೀಳುವಾಗ ಒಂಟಿಯಾಗಿ ಬೀಳುವುದಿಲ್ಲ, ಒಳಗಿನ ಕಟ್ಟಡವನ್ನೂ ಕಿತ್ತುಕೊಂಡು ಬರುತ್ತದೆ.

ಬಿಗಿಯಾಗಿದ್ದರೆ ಒಳ್ಳೆಯದಲ್ಲವೇ?

ಕ್ಯಾಪ್ ಮತ್ತು ಹಲ್ಲಿನ ನಡುವೆ ಜಾಗವೇ ಇರಬಾರದು, ಬಿಗಿಯಾಗಿ ಕೂತಷ್ಟೂ ಒಳ್ಳೆಯದು ಎಂದು ಅನಿಸುವುದು ಸಹಜ. ಒಂದು ಲೋಟದಲ್ಲಿ ನೀರು ತುಂಬಿ, ಅದೇ ಅಳತೆಯ ಇನ್ನೊಂದು ಲೋಟವನ್ನು ಅದರೊಳಗೆ ಒತ್ತಿ ನೋಡಿ. ನೀರು ಹೊರಹೋಗಲು ದಾರಿ ಸಿಗದಿದ್ದರೆ ಮೇಲಿನ ಲೋಟ ಕೆಳಗಿಳಿಯುವುದಿಲ್ಲ. ಸಿಮೆಂಟ್ ತುಂಬಿದ ಕ್ಯಾಪಿನಲ್ಲೂ ಇದೇ ಆಗುತ್ತದೆ. ಸಿಮೆಂಟಿಗೆ ಜಾಗವಿಲ್ಲದೆ ಕ್ಯಾಪ್ ಎತ್ತರದಲ್ಲೇ ನಿಂತುಬಿಡುತ್ತದೆ, ಅಂಚಿನಲ್ಲಿ ಬಿರುಕು ಉಳಿಯುತ್ತದೆ. ಅದಕ್ಕಾಗಿ ಲ್ಯಾಬಿನವರು ಕ್ಯಾಪಿನ ಒಳಗೆ ಬೇಕೆಂದೇ ತೆಳುವಾದ ಜಾಗ ಬಿಡುತ್ತಾರೆ. ಹಲ್ಲಿನ ಅಚ್ಚಿನ ಮೇಲೆ ಬಣ್ಣದಂಥ ಒಂದು ಪದರ ಬಳಿದು ಅದರ ಮೇಲೆ ಕ್ಯಾಪ್ ಮಾಡುವುದು ಹಳೆಯ ಪದ್ಧತಿ. ಈಗ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವಾಗ ಆ ಜಾಗವನ್ನು ಅಂಕಿಯಲ್ಲೇ ನಮೂದಿಸುತ್ತಾರೆ. ಕೆಲವು ಹತ್ತು ಮೈಕ್ರಾನುಗಳ ಜಾಗ ಅದು, ಅಂಚಿನ ಹತ್ತಿರ ಅದೂ ಇರುವುದಿಲ್ಲ. "ಸಿಮೆಂಟ್ ಜಾಸ್ತಿ ಹಾಕಿ ಡಾಕ್ಟ್ರೇ" ಎನ್ನುವುದೂ ಇದೇ ಕಾರಣಕ್ಕೆ ಉಪಯೋಗವಿಲ್ಲದ ಮಾತು. ಕಲ್ಲು ಕಟ್ಟುವ ಮೇಸ್ತ್ರಿಯೂ ಗಾರೆ ದಪ್ಪ ಹಾಕಿದರೆ ಗೋಡೆ ಗಟ್ಟಿ ಎಂದು ಒಪ್ಪುವುದಿಲ್ಲ.

ಅಂಚಿನ ಬಿರುಕಿನ ವಿಷಯಕ್ಕೆ ಬರೋಣ. 1971ರಲ್ಲಿ ಮೆಕ್ಲೀನ್ ಮತ್ತು ಫಾನ್ ಫ್ರೌನ್‌ಹೋಫರ್ ಎಂಬಿಬ್ಬರು, ಐದು ವರ್ಷ ಕಾಲ ಸಾವಿರಕ್ಕೂ ಹೆಚ್ಚು ಕ್ಯಾಪ್ ಮತ್ತು ಅಂಥ ಜೋಡಣೆಗಳನ್ನು ಗಮನಿಸಿ, ಅಂಚಿನಲ್ಲಿ ಸುಮಾರು 120 ಮೈಕ್ರಾನಿನವರೆಗಿನ ಸಂದು ಇದ್ದರೂ ನಡೆಯುತ್ತದೆ ಎಂದರು. ಈ ಸಂಖ್ಯೆಯನ್ನು ಇಂದಿಗೂ ದಂತ ವಿಜ್ಞಾನದಲ್ಲಿ ಅಳತೆಗೋಲಿನಂತೆ ಬಳಸುತ್ತಾರೆ. 120 ಮೈಕ್ರಾನ್ ಅಂದರೆ ಸಾಮಾನ್ಯ ಜೆರಾಕ್ಸ್ ಕಾಗದದ ದಪ್ಪಕ್ಕಿಂತ ತುಸು ಹೆಚ್ಚು. ಒಂದು ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಮೈಕ್ರಾನ್. ಅಂದರೆ ಚೆನ್ನಾಗಿ ಕೂತ ಕ್ಯಾಪಿನ ಅಂಚೂ ಬ್ಯಾಕ್ಟೀರಿಯಾಗಳಿಗೆ ಹೆದ್ದಾರಿಯಷ್ಟು ಅಗಲ! ಅಲ್ಲಿ ಕಾವಲಿಗೆ ಇರುವುದು ತೆಳು ಸಿಮೆಂಟ್ ಗೆರೆ ಮತ್ತು ನಿಮ್ಮ ಬ್ರಷ್. ಸಂದು ದೊಡ್ಡದಾದಷ್ಟೂ ಜೊಲ್ಲಿಗೆ ಸಿಮೆಂಟ್ ಕರಗುವ ಜಾಗ ಹೆಚ್ಚು, ಹುಳುಕು ಒಳನುಗ್ಗುವ ದಾರಿ ಸಲೀಸು.

"ಕ್ಯಾಪ್ ಹಾಕಿದ ಹಲ್ಲಿಗೆ ಹುಳುಕು ಬರಲ್ಲ" ಎನ್ನುವ ಮಾತು ತುಂಬ ಜನ ನಂಬುವ ತಪ್ಪು. ಕ್ಯಾಪಿಗೆ ಹುಳುಕು ಬರುವುದಿಲ್ಲ ನಿಜ, ಅದು ಲೋಹ ಅಥವಾ ಪಿಂಗಾಣಿ. ಕೆಳಗಿನ ಹಲ್ಲು ಮೊದಲಿದ್ದ ಹಲ್ಲೇ. ಅದರಲ್ಲೂ ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರ ಇರುವುದಿಲ್ಲ, ಹಾಗಾಗಿ ಒಳಗೆ ಎಷ್ಟೇ ಕೊಳೆತರೂ ಹಲ್ಲು ಜುಂ ಅನ್ನುವುದಿಲ್ಲ, ನೋಯುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕ್ಯಾಪ್ ಬಗ್ಗೆ ಜನಕ್ಕೆ ತಲುಪಬೇಕಾದ ಮೊದಲ ವಿಷಯ ಇದೇ. ಇಂಥ ಹಲ್ಲಿನಲ್ಲಿ ಬಹಳ ಸಲ ಕ್ಯಾಪ್ ಕಳಚಿ ಬೀಳುವುದೇ ಮೊದಲ ಸೂಚನೆ.

ಕೂರಿಸುವ ದಿನದ ಹತ್ತು ನಿಮಿಷ

ಅಳತೆ ಎಲ್ಲ ಸರಿಯಿದ್ದರೂ ಕೊನೆಯ ಹತ್ತು ನಿಮಿಷದಲ್ಲಿ ಕೆಲಸ ಕೆಡಬಹುದು. ಹಲ್ಲಿನ ಮೇಲೆ ಜೊಲ್ಲು, ರಕ್ತ ಇದ್ದರೆ ಸಿಮೆಂಟ್ ಸರಿಯಾಗಿ ಹಿಡಿಯುವುದಿಲ್ಲ. ತಾತ್ಕಾಲಿಕ ಕ್ಯಾಪಿಗೆ ಹಾಕಿದ್ದ ಸಿಮೆಂಟಿನ ಚೂರು ಹಲ್ಲಿನ ಮೇಲೆ ಉಳಿದಿದ್ದರೆ ಹೊಸ ಕ್ಯಾಪ್ ತಳ ಮುಟ್ಟುವುದಿಲ್ಲ. ಪಕ್ಕದ ಹಲ್ಲಿಗೆ ತೀರಾ ಒತ್ತಿಕೊಂಡಿದ್ದರೂ ಅಷ್ಟೇ, ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ವೈದ್ಯರು ಹಲ್ಲುಗಳ ನಡುವೆ ದಾರ ಎಳೆದು ನೋಡುವುದು ಇದಕ್ಕೇ. ಬಣ್ಣದ ಕಾಗದ ಕಚ್ಚಿಸುವುದು ಎತ್ತರ ಸರಿಯಿದೆಯೇ ಎಂದು ನೋಡಲು. ಇಂಜೆಕ್ಷನ್ ಕೊಟ್ಟು ಬಾಯಿ ಮರಗಟ್ಟಿದ್ದಾಗ ನಮಗೆ ಎತ್ತರ ಗೊತ್ತಾಗುವುದಿಲ್ಲ, ಮನೆಗೆ ಹೋದ ಮೇಲೆ "ಆ ಹಲ್ಲೇ ಮೊದಲು ತಾಗುತ್ತಿದೆ" ಅನ್ನಿಸುತ್ತದೆ. ಅದು ತಾನಾಗಿ ಸರಿಹೋಗಲಿ ಎಂದು ಕಾಯಬೇಡಿ. ಬಾಯಿ ಮುಚ್ಚಿದಾಗೆಲ್ಲ ಪೆಟ್ಟು ಬೀಳುವುದು ಆ ಒಂದೇ ಕ್ಯಾಪಿಗೆ.

ಸಿಮೆಂಟ್ ಯಾವುದು ಎನ್ನುವುದಕ್ಕೂ ಬೆಲೆ ಇದೆ, ಆದರೆ ಫಾರ್ವರ್ಡ್‌ಗಳು ಹೇಳುವಷ್ಟಲ್ಲ. ನೂರಕ್ಕೂ ಹೆಚ್ಚು ವರ್ಷದಿಂದ ಬಳಕೆಯಲ್ಲಿರುವ ಜಿಂಕ್ ಫಾಸ್ಫೇಟ್ ಹಲ್ಲಿಗೆ ಅಂಟುವುದೇ ಇಲ್ಲ. ಹಲ್ಲಿನ ಮತ್ತು ಕ್ಯಾಪಿನ ಒರಟು ಮೈಯ ಸಣ್ಣ ತಗ್ಗುಗಳನ್ನು ತುಂಬಿ ಗಟ್ಟಿಯಾಗುತ್ತದೆ ಅಷ್ಟೇ. ಆದರೂ ಅದರಿಂದ ಕೂರಿಸಿದ ಕ್ಯಾಪುಗಳು ದಶಕಗಟ್ಟಲೆ ನಿಂತಿವೆ, ಗೂಟದ ಆಕಾರ ಸರಿಯಿದ್ದರೆ. ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ಅಭಿವೃದ್ಧಿಪಡಿಸಿ 1970ರ ದಶಕದಲ್ಲಿ ಬಳಕೆಗೆ ಬಂದ ಗ್ಲಾಸ್ ಅಯೊನೋಮರ್ ಹಲ್ಲಿಗೆ ರಾಸಾಯನಿಕವಾಗಿ ಬೆಸೆಯುತ್ತದೆ, ಸ್ವಲ್ಪ ಫ್ಲೋರೈಡನ್ನೂ ಬಿಡುತ್ತದೆ. ರೆಸಿನ್ ಸಿಮೆಂಟುಗಳ ಹಿಡಿತ ಇನ್ನೂ ಹೆಚ್ಚು, ಆದರೆ ತೇವಕ್ಕೆ ಅವು ತುಂಬ ಸೂಕ್ಷ್ಮ. ಒಸಡಿನಿಂದ ರಕ್ತ ಒಸರುತ್ತಿರುವ ಬಾಯಿಯಲ್ಲಿ ದುಬಾರಿ ರೆಸಿನ್ ಸಿಮೆಂಟ್ ಸಾಧಾರಣ ಸಿಮೆಂಟಿಗಿಂತ ಕೆಟ್ಟದಾಗಿ ಸೋಲಬಹುದು.

ಈ ಜಾಗದಲ್ಲಿ ಲವಂಗದ ಎಣ್ಣೆಯ ಮಾತು ಹೇಳಬೇಕು. ಹಲ್ಲುನೋವಿಗೆ ಲವಂಗದ ಎಣ್ಣೆ ನಮ್ಮ ಮನೆಗಳಲ್ಲಿ ಹಳೆಯ ಮದ್ದು. ಅದರಲ್ಲಿರುವ ಯೂಜಿನಾಲ್ ನೋವನ್ನು ಸ್ವಲ್ಪ ತಗ್ಗಿಸುವುದೂ ಹೌದು, ತಾತ್ಕಾಲಿಕ ದಂತ ಸಿಮೆಂಟುಗಳಲ್ಲೂ ಅದನ್ನು ಬಳಸುತ್ತಾರೆ. ಆದರೆ ಅದೇ ಯೂಜಿನಾಲ್ ರೆಸಿನ್ ಸಿಮೆಂಟ್ ಗಟ್ಟಿಯಾಗುವುದಕ್ಕೆ ಅಡ್ಡಿ ಮಾಡಬಲ್ಲದು. ಕ್ಯಾಪ್ ಬಿದ್ದ ಹಲ್ಲಿಗೆ ಲವಂಗದ ಎಣ್ಣೆ ಹಚ್ಚಿಕೊಂಡಿದ್ದರೆ ವೈದ್ಯರಿಗೆ ಹೇಳಿ. ಬೈಯುವುದಿಲ್ಲ, ಚೆನ್ನಾಗಿ ಸ್ವಚ್ಛ ಮಾಡಿಕೊಳ್ಳುತ್ತಾರೆ ಅಷ್ಟೇ.

ಫೆವಿಕ್ವಿಕ್ ಯಾಕೆ ಬೇಡ?

"ಆಪರೇಷನ್ನಲ್ಲೂ ಇಂಥದ್ದೇ ಗೋಂದು ಬಳಸುತ್ತಾರಂತೆ" ಎಂಬ ವಾದ ಕೇಳಿರುತ್ತೀರಿ. ಚರ್ಮದ ಗಾಯ ಮುಚ್ಚಲು ಬಳಸುವ ಗೋಂದೂ ಸಯನೋಆಕ್ರಿಲೇಟ್ ಎಂಬ ಅದೇ ಕುಟುಂಬದ್ದು, ನಿಜ. ಆದರೆ ಅದು ದೇಹಕ್ಕೆಂದೇ ತಯಾರಾದ ಬೇರೆ ಬಗೆ, ಅಂಗಡಿಯ ಟ್ಯೂಬಿನಲ್ಲಿರುವುದಲ್ಲ. ಅಂಗಡಿಯ ಗೋಂದು ತೇವ ತಾಗಿದ ಕೂಡಲೇ ಸೆಕೆಂಡುಗಳಲ್ಲಿ ಹಿಡಿಯುತ್ತದೆ, ಬಿಸಿಯನ್ನೂ ಬಿಡುತ್ತದೆ. ಬಾಯಿ ಪೂರ್ತಿ ತೇವ. ಕ್ಯಾಪ್ ಸರಿಯಾದ ಜಾಗ ಸೇರುವ ಮೊದಲೇ ಗೋಂದು ಗಟ್ಟಿಯಾದರೆ ಅದು ಓರೆಯಾಗಿ, ಎತ್ತರದಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ಕ್ಯಾಪಿನೊಳಗಿನ ಹಳೆಯ ಸಿಮೆಂಟ್ ತೆಗೆಯದೆ ಅದು ಮೊದಲಿನಂತೆ ಕೂರುವುದೂ ಇಲ್ಲ. ಒಸಡಿಗೆ, ತುಟಿಗೆ, ಬೆರಳಿಗೆ ಅಂಟಿಕೊಳ್ಳುವುದು ಬೇರೆ. ಕೆಲವು ದಿನಕ್ಕೋ ವಾರಕ್ಕೋ ಅದು ಜೊಲ್ಲಿನಲ್ಲಿ ದುರ್ಬಲವಾಗಿ ಮತ್ತೆ ಕಳಚುತ್ತದೆ. ಕಳಚದೆ ನಿಂತರೆ ಅದು ಇನ್ನೂ ಕೆಟ್ಟದ್ದು. ಒಳಗೆ ಹುಳುಕಿದ್ದರೆ ಅದನ್ನು ಮುಚ್ಚಿ ಸೀಲು ಮಾಡಿದಂತೆ. ತೆಗೆಯಲು ಕ್ಯಾಪನ್ನೇ ಕತ್ತರಿಸಬೇಕಾಗಬಹುದು. ಸುಮ್ಮನೆ ಸ್ವಚ್ಛಗೊಳಿಸಿ ಮತ್ತೆ ಕೂರಿಸಬಹುದಾಗಿದ್ದ ಕ್ಯಾಪ್ ಹೀಗೆ ಹಾಳಾಗುತ್ತದೆ.

ಬಿದ್ದ ಕ್ಯಾಪ್ ಏನು ಹೇಳುತ್ತದೆ?

ಕ್ಯಾಪನ್ನು ತೊಳೆದು, ಸಿಂಕಿನ ತೂತು ಮುಚ್ಚಿಕೊಂಡು ತೊಳೆಯಿರಿ, ಬೆಳಕಿನಲ್ಲಿ ಒಳಗೆ ನೋಡಿ. ಬರೀ ಬಿಳಿ ಅಥವಾ ಹಳದಿ ಸಿಮೆಂಟ್ ಪದರ ಇದ್ದು, ಕನ್ನಡಿಯಲ್ಲಿ ಹಲ್ಲಿನ ಗೂಟ ಗಟ್ಟಿಯಾಗಿ, ಇಡಿಯಾಗಿ ಕಂಡರೆ ಒಳ್ಳೆಯ ಸುದ್ದಿ. ಬಹುಶಃ ಸಿಮೆಂಟ್ ಸೋತಿದೆ, ಮತ್ತೆ ಕೂರಿಸಲು ಸಾಧ್ಯವಿದೆ. ಕ್ಯಾಪಿನೊಳಗೆ ಹಲ್ಲಿನ ತುಂಡೋ ಕಂಬಿಯಂಥದ್ದೋ ಸಿಕ್ಕಿಕೊಂಡಿದ್ದರೆ ಮುರಿದದ್ದು ಹಲ್ಲು, ಗೋಂದಿಗೆ ಇಲ್ಲಿ ಕೆಲಸವಿಲ್ಲ. ಕಪ್ಪಗೆ, ಮೆತ್ತಗೆ, ವಾಸನೆ ಬರುತ್ತಿದ್ದರೆ ಹುಳುಕು ಬಹಳ ದಿನದಿಂದ ಒಳಗಿದೆ. ಹಾಕಿಸಿದ ಕೆಲವೇ ತಿಂಗಳಲ್ಲಿ ಬಿದ್ದರೆ ಅನುಮಾನ ಆಕಾರದ ಮೇಲೆ ಅಥವಾ ಕೂರಿಸಿದ ದಿನದ ಕೆಲಸದ ಮೇಲೆ. ಹತ್ತು ಹದಿನೈದು ವರ್ಷ ನಿಂತು ಬಿದ್ದರೆ ಸವೆತ ಅಥವಾ ಹುಳುಕಿನ ಮೇಲೆ. ಇದು ಸ್ಥೂಲ ಲೆಕ್ಕ, ಎಕ್ಸ್‌ರೇ ನೋಡದೆ ತೀರ್ಮಾನ ಮಾಡುವ ಹಾಗಿಲ್ಲ.

ಎಲ್ಲದಕ್ಕೂ ವೈದ್ಯರನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಅತಿಯಾಗಿ ಓರೆ ಅರೆಯುವುದು, ಒದ್ದೆ ಹಲ್ಲಿನ ಮೇಲೆ ಅವಸರದಲ್ಲಿ ಕೂರಿಸುವುದು, ಗಿಡ್ಡ ಹಲ್ಲೆಂದು ಗೊತ್ತಿದ್ದೂ ಹೇಳದಿರುವುದು, ಇವೆಲ್ಲ ನಡೆಯುತ್ತವೆ. ಆದರೆ ಸಾಮಾನ್ಯ ಚಿತ್ರ ಅಷ್ಟು ಕೆಟ್ಟದಾಗಿಲ್ಲ. ಗುಡೇಕರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಪರಿಶೀಲನೆಯಲ್ಲಿ, ಒಂಟಿ ಕ್ಯಾಪುಗಳ ಪೈಕಿ ಹಿಡಿತ ತಪ್ಪಿ ಕಳಚಿದವು ನೂರಕ್ಕೆ ಸುಮಾರು 2 ಮಾತ್ರ. ಇನ್ನು ಕ್ಯಾಪ್ ಜೊತೆ ಕೊಡುವ "10 ವರ್ಷ ವಾರಂಟಿ" ಕಾರ್ಡನ್ನು ಒಮ್ಮೆ ಓದಿ ನೋಡಿ. ಅದು ಸಾಮಾನ್ಯವಾಗಿ ಕ್ಯಾಪಿನ ವಸ್ತು ಒಡೆದರೆ ಅನ್ವಯಿಸುವಂಥದ್ದು. ಜಿರ್ಕೋನಿಯಾ ಎಷ್ಟೇ ಗಟ್ಟಿಯಿರಲಿ, ಕೆಳಗಿನ ಹಲ್ಲಿಗೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ.

ಕ್ಯಾಪ್ ಬಿದ್ದಾಗ ಅದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿಡಬೇಡಿ, ಮನೆಯವರು ಕಸವೆಂದು ಎಸೆಯುತ್ತಾರೆ. ಪುಟ್ಟ ಡಬ್ಬಿಯಲ್ಲಿಡಿ. ಸಡಿಲ ಕ್ಯಾಪನ್ನು ಹಾಗೇ ಹಲ್ಲಿನ ಮೇಲಿಟ್ಟುಕೊಂಡು ಮಲಗಬೇಡಿ. ನುಂಗಿದರೆ ಸಾಮಾನ್ಯವಾಗಿ ಮಲದಲ್ಲಿ ಹೊರಹೋಗುತ್ತದೆ, ಆದರೆ ಶ್ವಾಸನಾಳಕ್ಕೆ ಹೋದರೆ ಅಪಾಯ. ಕ್ಯಾಪ್ ಕಾಣೆಯಾಗಿ ಕೆಮ್ಮು ಅಥವಾ ಉಸಿರಾಟದ ತೊಂದರೆ ಶುರುವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಬದಿಯಲ್ಲಿ ಅಗಿಯಿರಿ, ಬಿಟ್ಟುಹೋದ ಹಲ್ಲನ್ನೂ ಮೆತ್ತಗೆ ಬ್ರಷ್ ಮಾಡಿ.

ಮತ್ತೆ, ನೋವಿಲ್ಲ ಎಂದು ತಿಂಗಳುಗಟ್ಟಲೆ ಬಿಡಬೇಡಿ. ಖಾಲಿ ಸಿಕ್ಕ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಇಳಿಯುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಮಾಡಿದ ಕ್ಯಾಪಿಗೆ ಅಷ್ಟು ಸರಿದಾಟವೇ ಸಾಕು, ಮತ್ತೆ ಕೂರುವುದಿಲ್ಲ. ಕೆಲವೇ ದಿನದಲ್ಲಿ ಹೋದರೆ ಹಳೆಯ ಕ್ಯಾಪೇ ಬಳಕೆಗೆ ಬರುವ ಸಾಧ್ಯತೆ ಹೆಚ್ಚು. ಒಂದೇ ಕ್ಯಾಪ್ ಎರಡನೇ ಸಲ ಬಿದ್ದಿದ್ದರೆ ಮಾತ್ರ "ಬರೀ ಅಂಟಿಸಿಕೊಡಿ" ಎನ್ನಬೇಡಿ. ಒಳಗೆ ಹಲ್ಲು ಎಷ್ಟು ಎತ್ತರ ಉಳಿದಿದೆ, ಸುತ್ತ ನಿಜವಾದ ಹಲ್ಲು ಇದೆಯೇ, ಎಕ್ಸ್‌ರೇಯಲ್ಲಿ ಅಂಚು ಹೇಗೆ ಕಾಣುತ್ತದೆ ಎಂದು ಕೇಳಿ ತಿಳಿದುಕೊಂಡು ಆಮೇಲೆ ಬಾಯಿ ತೆರೆಯಿರಿ.